ಏನೂ ಇಲ್ಲದ ಜೌಗು

ನಮ್ಮ ಮನೆಗಳ ಸಾಲಿನಲ್ಲಿ ಯಾರನ್ನಾದರೂ ಕೇಳಿ, ಇವತ್ತು ಜೌಗಿನಲ್ಲಿ ಏನು ಸಿಕ್ಕಿತು ಎಂದು. ಏನೂ ಇಲ್ಲ ಎನ್ನುತ್ತಾರೆ. ತಲೆಯ ಮೇಲೆ ಆಳೆತ್ತರದ ಜೊಂಡಿನ ಹೊರೆ ಇರುತ್ತದೆ, ಅದರ ನೀರು ಕತ್ತಿನ ಮೇಲೆ ಇಳಿಯುತ್ತಿರುತ್ತದೆ, ಆದರೂ ಏನೂ ಇಲ್ಲ. ಬುಟ್ಟಿಯಲ್ಲಿ ಮೀನು ಪಟಪಟ ಬಡಿಯುತ್ತಿರುತ್ತದೆ, ಬುಟ್ಟಿಯವಳು ಅದರ ಮೇಲೆ ಅಂಗೈ ಒತ್ತಿಕೊಂಡು ಏನೂ ಇಲ್ಲ ಎನ್ನುತ್ತಾಳೆ. ಇದನ್ನು ನಾವು ಸುಳ್ಳು ಎಂದು ಎಣಿಸುವುದಿಲ್ಲ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಸಿಕ್ಕಿದೆ ಎಂದರೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಎಲ್ಲಿ ಎಂದು ಬಾಯಿ ಬಿಟ್ಟವಳು ಮರುದಿನ ಬೋಳು ನೀರು ನೋಡಿಕೊಂಡು ಬರಿಗೈಯಲ್ಲಿ ಬರಬೇಕು.

ಈ ಎರಡು ಮಾತು ನಮ್ಮನ್ನು ಮೂರು ತಲೆಮಾರು ಸಾಕಿತು. ಕೊನೆಗೆ ಅದೇ ಎರಡು ಮಾತು ನಮ್ಮ ಕುತ್ತಿಗೆಗೆ ಬಂತು. ಹೇಗೆ ಬಂತು ಎಂದು ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚನ್ನೂ ಹೇಳಬೇಕು. ಅದನ್ನು ಮುಚ್ಚಿಟ್ಟರೆ ಈ ಕಥೆಗೆ ಕಾಲಿಲ್ಲ.

ಜೊಂಡು ಕೊಯ್ಯಲು ಮೊಣಕಾಲವರೆಗೆ ಕೆಸರಿಗೆ ಇಳಿಯಬೇಕು. ಅದರ ಮೇಲೆ ಸೊಂಟದವರೆಗೆ ನೀರು. ಎಡಗೈಯಲ್ಲಿ ಒಂದು ಹಿಡಿ ಜೊಂಡು ಹಿಡಿದು, ಬಲಗೈಯನ್ನು ಭುಜದ ತನಕ ನೀರೊಳಗೆ ಇಳಿಸಿ, ಬುಡದಲ್ಲಿ ಕುಡುಗೋಲು ಎಳೆಯಬೇಕು. ಬುಡ ಕಾಣುವುದಿಲ್ಲ. ಬೆರಳೇ ಕಣ್ಣು. ನನ್ನ ಎಡಗೈಯ ಕಿರುಬೆರಳು ಈಗ ಅರ್ಧವೇ ಇದೆ. ಜಿಗಣೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಗೆ ಬಂದು ಎಷ್ಟು ತಿಕ್ಕಿದರೂ ಹಿಮ್ಮಡಿಯ ಸೀಳಿನಲ್ಲಿ ಕೆಸರು ಉಳಿಯುತ್ತದೆ. ಮೇಲಿನ ಪೇಟೆಯವರು ನಮ್ಮನ್ನು ಕೆಸರುಕಾಲಿನವರು ಎನ್ನುತ್ತಾರೆ. ಸೀಟು ಖಾಲಿ ಇದ್ದರೂ ಬಸ್ಸಿನ ಕಂಡಕ್ಟರ್ ನಮ್ಮನ್ನು ಹಿಂದಿನ ಬಾಗಿಲಲ್ಲೇ ನಿಲ್ಲಿಸುತ್ತಾನೆ. ಅಂಗಡಿಯವನು ಸಾಮಾನನ್ನು ಹೊರಗೆ ತಂದು ಮೆಟ್ಟಿಲ ಮೇಲೆ ಇಡುತ್ತಾನೆ. ಅವರೆಲ್ಲ ಮಲಗುವುದು ಮಾತ್ರ ನಮ್ಮ ಜೊಂಡಿನ ಚಾಪೆಯ ಮೇಲೆ.

ನನ್ನ ಓರಗಿತ್ತಿಯ ಚಾಪೆಯ ಮೇಲೆ ಎನ್ನಬೇಕು. ನನ್ನ ಮೈದುನನ ಹೆಂಡತಿ ಅವಳು, ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಸಾಲಿನವರು ಅವಳಿಗೆ ರೇಷ್ಮೆ ಎಂದು ಹೆಸರಿಟ್ಟಿದ್ದಾರೆ. ಅವಳು ಹೆಣೆದದ್ದು ಅಷ್ಟು ನುಣುಪು. ನನ್ನ ಚಾಪೆ ಗಟ್ಟಿ, ಅವಳದರ ಎರಡರಷ್ಟು ಬಾಳುತ್ತದೆ. ಆದರೆ ಸಂತೆಯಲ್ಲಿ ಗಿರಾಕಿಯ ಕೈ ಮೊದಲು ಆಡುವುದು ಅವಳದರ ಮೇಲೆ. ಅವಳ ರಾಶಿ ಮುಗಿದ ಮೇಲೆ ನನ್ನ ಕಡೆ ತಿರುಗುತ್ತಾರೆ. ನನಗೆ ಅಡ್ಡಹೆಸರೂ ಇಲ್ಲ. ದೊಡ್ಡವಳು, ಅಷ್ಟೇ.

ನಮ್ಮ ಅತ್ತೆಗೆ ಜೌಗಿನ ನಡುವೆ ಒಂದು ಜಾಗ ಗೊತ್ತಿತ್ತು. ಬೇರೆ ಕಡೆ ಜೊಂಡು ಎದೆಯೆತ್ತರ ಬಂದರೆ ಅಲ್ಲಿಯದು ಎರಡಾಳು, ನಡುವೆ ಗಂಟಿಲ್ಲ, ಒಣಗಿದರೂ ಒಡೆಯುವುದಿಲ್ಲ. ಅತ್ತೆ ಮಲಗಿದ ಕೊನೆಯ ಮೂರು ತಿಂಗಳು ಅವಳ ಹಾಸಿಗೆ ಒಗೆದವಳು ನಾನು, ಮಗ್ಗುಲು ತಿರುಗಿಸಿದವಳು ನಾನು. ಸಾಯುವ ಹಿಂದಿನ ದಿನ ಕೈಸನ್ನೆ ಮಾಡಿದಳು. ಬಗ್ಗಿ ಕಿವಿ ಕೊಟ್ಟೆ. “ನೀನಲ್ಲ. ಚಿಕ್ಕವಳನ್ನ ಕರಿ,” ಎಂದಳು. ನಾನೇ ಹೋಗಿ ಕರೆದುಕೊಂಡು ಬಂದೆ. ಅತ್ತೆ ಅವಳ ಕಿವಿಯಲ್ಲಿ ಹೇಳುತ್ತಿದ್ದಾಗ ನಾನು ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮೂವತ್ತೊಂದು ವರ್ಷವಾಯಿತು. ಆ ಬಿಸಿ ಇನ್ನೂ ಅಂಗೈಯಲ್ಲಿದೆ.

ಆಮೇಲೆ ಎಂಟು ವರ್ಷ ಹುಡುಕಿದೆ. ಅವಳ ಬೆನ್ನು ಹತ್ತಿ ಹೋಗಲಿಲ್ಲ. ಅಷ್ಟು ಕೆಳಗೆ ಇಳಿಯಲಾರೆ. ಅವಳು ಮೂಡಣ ದಿಕ್ಕಿಗೆ ಹೋದರೆ ನಾನು ಪಡುವಣಕ್ಕೆ ಹೋದೆ, ಮುಳ್ಳುಪೊದೆಗಳ ಕಡೆಯಿಂದ. ಎಂಟನೇ ವರ್ಷ ನನ್ನದೇ ಒಂದು ಜಾಗ ಸಿಕ್ಕಿತು. ಅಲ್ಲೂ ಎರಡಾಳು ಜೊಂಡು. ಯಾರೂ ಹೇಳಿಕೊಡದೆ ಸಿಕ್ಕಿದ್ದು. ಒಂದೇ ಕಾಟ ಎಂದರೆ ಅದರ ಆಚೆ ಅಂಚಿನಲ್ಲಿ ಪ್ರತಿವರ್ಷ ಯಾವುದೋ ಎಮ್ಮೆ ನುಗ್ಗಿ ತಿಂದು ಹೋಗುತ್ತಿತ್ತು. ಆ ಎಮ್ಮೆಗೆ ನಾನು ಹಾಕದ ಶಾಪವಿಲ್ಲ.

ಸಿಕ್ಕಿದರೂ ನನ್ನ ಚಾಪೆ ಅವಳದರ ಹಾಗೆ ನುಣುಪಾಗಲಿಲ್ಲ. ಅತ್ತೆ ಕೊಟ್ಟ ಜಾಗದ ಜೊಂಡೇ ಬೇರೆ, ಅದಕ್ಕೆ ಅವಳದು ನುಣುಪು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನದ ಮೇಲೆ ಇಷ್ಟು ವರ್ಷ ಮಲಗಿ ಎದ್ದಿದ್ದೇನೆ.

ಹೋದ ವರ್ಷ ಒಬ್ಬ ಪಟ್ಟಿ ಹಿಡಿದುಕೊಂಡು ಬಂದ. ಸರ್ಕಾರದ ಕಡೆಯಿಂದ ಕೇಳಿ ಬರೆದುಕೊಳ್ಳುವ ಕೆಲಸ ಅವನದು. ಒಳಗೆ ಬಾ ಎಂದರೆ ಬರಲಿಲ್ಲ. ಬೂಟು ಹೊಸದು. ಹೊಸ್ತಿಲ ಆಚೆಯೇ ನಿಂತ.

“ಅಜ್ಜಿ, ಈ ಜೌಗಿಂದ ನಿಮ್ಗೆ ಏನ್ ಸಿಗುತ್ತೆ?”

ಗೋಡೆಯ ಆಚೆ ಹೆಣೆಯುವ ಸದ್ದು ನಿಂತಿತು. ಅವಳು ಕಿವಿ ಕೊಟ್ಟಿದ್ದಾಳೆ ಎಂದು ತಿಳಿಯಿತು.

“ಏನೂ ಇಲ್ಲ,” ಎಂದೆ, ಅವಳಿಗೂ ಕೇಳುವಷ್ಟು ಗಟ್ಟಿಯಾಗಿ.

“ಮೀನು, ಸೊಪ್ಪು?”

“ಏನೂ ಇಲ್ಲ.”

“ಜೊಂಡು ಕೊಯ್ತೀರಂತಲ್ಲ?”

“ಅಲ್ಲೊಂದು ಇಲ್ಲೊಂದು ಕಡ್ಡಿ. ಅದೂ ಕೊಳೆತದ್ದು.”

ನನ್ನ ಬೆನ್ನ ಹಿಂದೆ ಮಾಡಿಗೆ ತಾಗುವ ತನಕ ಒಣ ಜೊಂಡು ಪೇರಿಸಿತ್ತು. ಅವನು ಅದನ್ನು ನೋಡಿದ. “ಮತ್ತೆ ಇದು?”

“ಹಳೇದು.”

ಬರೆದುಕೊಂಡ. ಪಕ್ಕದ ಮನೆಗೆ ಹೋದ. ಈಗ ಗೋಡೆಗೆ ಕಿವಿ ಹಚ್ಚುವ ಸರದಿ ನನ್ನದು. “ಏನೂ ಇಲ್ಲಪ್ಪ, ಬರೀ ಸೊಳ್ಳೆ,” ಎಂದಳು ರೇಷ್ಮೆ. ನನಗೆ ನಗು ಬಂತು. ಕಳ್ಳಿ ಎಂದುಕೊಂಡೆ. ಅರವತ್ತನಾಲ್ಕು ಮನೆಯಲ್ಲೂ ಹೀಗೆಯೇ ಆಯಿತು, ಏಕೆಂದರೆ ಅರವತ್ತನಾಲ್ಕು ಮನೆಗೂ ಪಕ್ಕದ ಮನೆ ಇದೆ. ಜೌಗಿನಿಂದಲೇ ತುಂಬುವ ನಮ್ಮ ಬಾವಿಯ ನೀರಿನ ವಿಷಯ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಉಸಿರಾಡುತ್ತೇವೆ ಎಂದು ಯಾರು ಹೇಳಲು ಹೋಗುತ್ತಾರೆ.

ಮಳೆಗಾಲಕ್ಕೆ ನಾಲ್ಕು ತಿಂಗಳು ಮುಂಚೆ ದೀಪದ ಕಂಬಕ್ಕೆ ಒಂದು ನೋಟೀಸು ಅಂಟಿಸಿದರು. ನಾನು ಶಾಲೆಗೆ ಹೋದದ್ದು ಎರಡು ವರ್ಷ. ಕಾಗುಣಿತ ಗೊತ್ತು. ಬೆರಳಿಟ್ಟು ಓದಿದೆ. ನಿ-ರು-ಪ-ಯು-ಕ್ತ. ಅಕ್ಷರ ಗೊತ್ತಾಯಿತು, ಅರ್ಥ ಗೊತ್ತಾಗಲಿಲ್ಲ. ರೇಷ್ಮೆಯ ಸೊಸೆ ಹತ್ತನೆಯವರೆಗೆ ಓದಿದವಳು. ಅವಳನ್ನು ಕೇಳಿದೆ.

“ಉಪಯೋಗ ಇಲ್ಲದ್ದು ಅಂತ, ದೊಡ್ಡತ್ತೆ.”

“ಯಾವುದು?”

“ನಮ್ಮ ಜೌಗು. ಮಣ್ಣು ತುಂಬಿ ಗೋದಾಮು ಕಟ್ತಾರಂತೆ. ಸ್ಥಳೀಯರ ಹೇಳಿಕೆಯಂತೆ ಅಂತ ಬರೆದಿದ್ದಾರೆ. ಅಂದ್ರೆ ನಾವೇ ಹೇಳಿದ್ದು ಅಂತ.”

ನಮ್ಮ ಕಾಲಿನ ಮೇಲೆ ನಾವೇ ಕಲ್ಲು ಎತ್ತಿ ಹಾಕಿಕೊಂಡಿದ್ದೆವು.

ಲಾರಿಗಳು ಬಂದವು. ಮಣ್ಣು ಎಂದು ಬರೆದಿತ್ತು, ತಂದು ಸುರಿದದ್ದು ಪೇಟೆಯ ಒಡೆದ ಗೋಡೆ, ಕಕ್ಕಸಿನ ಪಿಂಗಾಣಿ, ಸಿಮೆಂಟಿನ ಹೆಂಟೆ. ರಸ್ತೆಯ ಕಡೆಯಿಂದ ತುಂಬುತ್ತಾ ಬಂದರು. ಎರಡನೇ ತಿಂಗಳಿಗೆ ನಮ್ಮ ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಗಂಟು ಹಾಕಬೇಕಾಯಿತು. ಮೂರನೇ ತಿಂಗಳಿಗೆ ಕೊಡದಲ್ಲಿ ವಾಸನೆ. ಬೇಸಿಗೆಯಲ್ಲೂ ಎರಡು ಮಾರು ಹಗ್ಗಕ್ಕೆ ಸಿಗುತ್ತಿದ್ದ ನೀರು ಅದು. ಮಳೆ ಬಂದಾಗ ಮಳೆನೀರಿಗೆ ಹೋಗಲು ಜಾಗ ಇರಲಿಲ್ಲ. ಮೊದಲು ಜೌಗು ಕುಡಿಯುತ್ತಿತ್ತು, ಈಗ ನಮ್ಮ ಮನೆಗಳು ಕುಡಿದವು. ಮೊಣಕಾಲೆತ್ತರ. ಪೇರಿಸಿದ ಜೊಂಡು ಕೊಳೆತು ಹೋಯಿತು. ಗೋಡೆಯ ಆಚೆ ರೇಷ್ಮೆಯದೂ ಕೊಳೆಯಿತು. ವಾಸನೆಯಲ್ಲೇ ಗೊತ್ತಾಯಿತು. ಆಗಲೂ ನನ್ನ ಮನಸ್ಸು ಕೇಳಿದ್ದು, ಅವಳದು ಎಷ್ಟು ಹೊರೆ ಹೋಗಿರಬಹುದು ಎಂದು.

ತಕರಾರು ಇದ್ದವರು ಬರಬೇಕು ಎಂದು ಕಚೇರಿಯಲ್ಲಿ ಒಂದು ದಿನ ಇಟ್ಟರು. ಅರವತ್ತನಾಲ್ಕು ಮನೆಯವರೂ ಹೋದೆವು. ಬಾಗಿಲಲ್ಲಿ ಜವಾನ ತಡೆದ.

“ನಿಲ್ಲಿ ನಿಲ್ಲಿ. ಟೈಲ್ಸ್ ಹೊಸದು.”

ಹಳೆಯ ಪೇಪರುಗಳನ್ನು ತಂದು ಗೋಡೆಯ ಉದ್ದಕ್ಕೂ ಹಾಸಿದ. ಅದರ ಮೇಲಷ್ಟೇ ನಿಲ್ಲಬೇಕು, ಆಚೆ ಕಾಲಿಡಬಾರದು ಎಂದ. ನಿಂತೆವು. ಕೂರಲು ಹೇಳಲಿಲ್ಲ. ಕುರ್ಚಿಗಳಿದ್ದವು.

ಮೇಜಿನ ಆಚೆ ತಕರಾರು ಕೇಳುವ ಮೇಡಂ ಕೂತಿದ್ದರು. ಅವರು ಕೆಟ್ಟವರಲ್ಲ, ದಣಿದವರು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಪಕ್ಕದಲ್ಲಿ ಗುಮಾಸ್ತ. ಇನ್ನೊಂದು ಪಕ್ಕ ಗೋದಾಮಿನ ಮ್ಯಾನೇಜರು. ಅವನ ಹಿಂದೆ ಪ್ಲಾಸ್ಟಿಕ್ ಚಾಪೆಗಳ ಸುರುಳಿ ನಿಲ್ಲಿಸಿದ್ದರು. ಕೆಂಪು, ನೀಲಿ, ಹಸಿರು. ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದ ಮನೆಗೆ ಒಂದು ಚಾಪೆ ಉಡುಗೊರೆ. ಚಾಪೆ ಹೆಣೆಯುವವರಿಗೆ ಚಾಪೆ. ಮ್ಯಾನೇಜರಿಗೆ ಅದು ತಮಾಷೆ ಎಂದೂ ಹೊಳೆದಿರಲಿಲ್ಲ.

ಮೇಡಂ ಹಾಳೆ ತಿರುವಿದರು. “ಅರವತ್ತನಾಲ್ಕು ಮನೆ. ಏನೂ ಇಲ್ಲ. ಏನೂ ಇಲ್ಲ. ಏನೂ ಇಲ್ಲ. ಒಬ್ರು ಮಾತ್ರ ಬೇರೆ ಹೇಳಿದ್ದಾರೆ, ಬರೀ ಸೊಳ್ಳೆ ಅಂತ.” ಗುಮಾಸ್ತ ನಕ್ಕ. ಮೇಡಂ ನಗಲಿಲ್ಲ. “ಇದೆಲ್ಲ ನೀವೇ ಹೇಳಿದ್ದು. ಈಗ ಇದೆ ಅಂತೀರಾದ್ರೆ ಏನಿದೆ, ಎಲ್ಲಿದೆ, ಯಾರು ತಗೋತೀರಿ, ಹೇಳಿ. ಬರ್ಕೋತೀವಿ. ಇಲ್ಲಾಂದ್ರೆ ಹೆಬ್ಬೆಟ್ಟು ಒತ್ತಿ.”

ಮೀನಿನವನು ಬಾತುಕೋಳಿಯವಳ ಮುಖ ನೋಡಿದ. ಬಾತುಕೋಳಿಯವಳು ಸೊಪ್ಪಿನವಳ ಮುಖ ನೋಡಿದಳು. ಇವನು ಹೇಳಲಿ, ಅವಳು ಹೇಳಲಿ, ಹೇಳಿದವರದು ಹೋಗಲಿ, ನನ್ನದು ಉಳಿಯಲಿ. ಎಲ್ಲರ ಹೊಟ್ಟೆಯಲ್ಲೂ ಅದೇ. ನಾನು ರೇಷ್ಮೆಯನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

ಮೀನಿನವನು ಮೊದಲು ಹೋದ. ಹೆಬ್ಬೆಟ್ಟು ಒತ್ತಿದ. ನೀಲಿ ಚಾಪೆ ಬಗಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಬಂದು ಪೇಪರಿನ ಮೇಲೆ ನಿಂತ.

ಎರಡನೆಯವಳು ನಾನು. ಒಂದು ಮಾತು ಮುಚ್ಚಿಡುವುದಿಲ್ಲ. ಮೇಜಿನ ತನಕ ನಡೆಯುವಾಗ ಒಳಗೆ ಒಂದು ಸಿಹಿ ಇತ್ತು. ಜೌಗು ಹೋದರೆ ಅತ್ತೆ ಅವಳಿಗೆ ಕೊಟ್ಟ ಜಾಗವೂ ಹೋಗುತ್ತದೆ. ಮೂವತ್ತೊಂದು ವರ್ಷದ ಮೇಲೆ ನಾವಿಬ್ಬರೂ ಸಮ. ಆ ಸಿಹಿಗೆ ನಾನು ಕೈ ಚಾಚಿದೆ.

ಗುಮಾಸ್ತ ನನ್ನ ಹೆಬ್ಬೆರಳನ್ನು ಎರಡು ಬೆರಳಿನಲ್ಲಿ ಹಿಡಿದ, ಸತ್ತ ಇಲಿಯ ಬಾಲ ಹಿಡಿದ ಹಾಗೆ. ಉಗುರು ನೋಡಿ ಮುಖ ಸಿಂಡರಿಸಿದ. ಮ್ಯಾನೇಜರಿಗೆ ಮೆಲ್ಲಗೆ ಹೇಳಿದ, “ಜಾಗದ ಹಾಗೇ ಜನ ಸಾರ್. ನಿರುಪಯುಕ್ತ.”

ಆ ಪದ ನನಗೆ ಗೊತ್ತಿತ್ತು. ಅಕ್ಷರ ಅಕ್ಷರವಾಗಿ ಗೊತ್ತಿತ್ತು.

ಕೈ ಎಳೆದುಕೊಂಡೆ. ಮಸಿ ಹಾಳೆಯ ಮೇಲೆ ಗೀಟಾಗಿ ಬಿತ್ತು.

“ಒತ್ತಲ್ಲ,” ಎಂದೆ.

“ಯಾಕಮ್ಮ?” ಎಂದರು ಮೇಡಂ.

“ಏನೂ ಇಲ್ಲ ಅಂದಿದ್ದು ಸುಳ್ಳು. ಇದೆ. ಎಲ್ಲಿದೆ ಅಂತ ಹೇಳ್ತೀನಿ, ಬರ್ಕೊಳ್ಳಿ.” ನನ್ನ ದನಿ ನನಗೇ ಬೇರೆಯವರದರ ಹಾಗೆ ಕೇಳಿತು. ಇಷ್ಟು ಜನರ ಮುಂದೆ ಯಾರೂ ಹೀಗೆ ಹೇಳಿದ್ದಿಲ್ಲ. “ಪಡುವಣ ಕಡೆಯಿಂದ ಮುಳ್ಳುಪೊದೆ ದಾಟಬೇಕು. ಒಣಮರದ ಬುಡದಿಂದ ಎಡಕ್ಕೆ. ನೀರು ಎದೆಗೆ ಬರುತ್ತೆ, ಹೆದರಬಾರ್ದು. ಇನ್ನೂ ನಲವತ್ತು ಹೆಜ್ಜೆ. ಕಾಲಿಗೆ ಇದ್ದಕ್ಕಿದ್ದ ಹಾಗೆ ತಣ್ಣಗೆ ಹತ್ತುತ್ತೆ, ತಳದಲ್ಲಿ ಒರತೆ ಇದೆ. ನಮ್ಮ ಬಾವಿಗೆಲ್ಲ ಅದೇ ತಾಯಿ. ಅಲ್ಲಿ ಎರಡಾಳು ಜೊಂಡು. ಇಪ್ಪತ್ತಮೂರು ವರ್ಷದಿಂದ ಕೊಯ್ತಿದೀನಿ. ಮಗಳ ಮದುವೆ ಮಾಡಿದ್ದು ಅದ್ರಲ್ಲಿ. ಗಂಡನ ಕಾಯಿಲೆ ನೋಡಿದ್ದು ಅದ್ರಲ್ಲಿ.”

ಹಿಂದಿನಿಂದ ರೇಷ್ಮೆಯ ದನಿ ಬಂತು.

“ಅಕ್ಕ. ಆ ಒರತೆ ಪಕ್ಕ ಒಂದು ಬಂಡೆ ಇದ್ಯಾ? ನೀರೊಳಗೆ? ಆಮೆ ಬೆನ್ನಿನ ಹಾಗೆ?”

ನಾನು ತಿರುಗಿದೆ. “ನಿನಗ್ಯಾರು ಹೇಳಿದ್ದು?”

“ಅತ್ತೆ ಹೇಳಿದ್ದು. ಮೂಡಣದಿಂದ ದಾರಿ. ಅದು ನನ್ನ ಜಾಗ.”

“ನಿನ್ನದು ಹೇಗೆ ಆಗುತ್ತೆ? ನಾನು ಹುಡುಕಿದ್ದು.”

“ನನಗೆ ಕೊಟ್ಟಿದ್ದು.”

ಆಗ ಹೊಳೆಯಿತು. “ಹಾಗಾದ್ರೆ ಆ ಎಮ್ಮೆ ನೀನು,” ಎಂದೆ. “ಇಪ್ಪತ್ತಮೂರು ವರ್ಷ ನಾನು ಶಾಪ ಹಾಕಿದ್ದು ನಿನಗೆ.”

“ನಾನು ಎಮ್ಮೆ ಆದ್ರೆ ನೀನು ಹಂದಿ. ಪಡುವಣ ಅಂಚು ಹಂದಿ ಕೆದಕಿದ ಹಾಗೆ ಇರ್ತಿತ್ತು. ಬುಡ ಬಿಟ್ಟು ಕೊಯ್ಯಬೇಕು ಅನ್ನೋ ಜ್ಞಾನನೂ ಇಲ್ಲ.”

“ಬುಡ ಕೊಯ್ಯೋದು ನನಗೆ ಹೇಳಿಕೊಡ್ತೀಯಾ? ಅತ್ತೆ ಹಾಸಿಗೆ ಒಗೆದವಳು ಯಾರು?”

“ಒಗೆಯೋಕೆ ನನ್ನನ್ನ ಬಿಟ್ಯಾ ನೀನು? ಬಾಗಿಲಿಗೆ ಅಡ್ಡ ನಿಲ್ತಿದ್ದೆ. ಅದಕ್ಕೇ ಮುದುಕಿ ಹೇಳಿದ್ಲು, ದೊಡ್ಡವಳು ಹೇಗೂ ತಾನೇ ಹುಡ್ಕೋತಾಳೆ, ನಿನಗೆ ಅಷ್ಟು ತಾಕತ್ತಿಲ್ಲ, ಕೇಳ್ಕೋ ಅಂತ.”

ಅವಳ ಆ ಮಾತು ನನಗೆ ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಜೊಂಡು ಒಂದೇ. ಒಂದೇ ಒರತೆ, ಒಂದೇ ಬುಡ. ಹಾಗಾದರೆ ನುಣುಪು ಜೊಂಡಿನಲ್ಲಿ ಇರಲಿಲ್ಲ, ಅವಳ ಕೈಯಲ್ಲಿತ್ತು. ಇದಕ್ಕಿಂತ ದೊಡ್ಡ ಪೆಟ್ಟನ್ನು ಆ ಕಚೇರಿಯಲ್ಲಿ ಯಾರೂ ನನಗೆ ಕೊಡಲಾರರು. ಅದರ ಕಿಚ್ಚಿಗೆ ಇನ್ನೂ ಗಟ್ಟಿಯಾಗಿ ಕೂಗಾಡಿದೆ. ಅವಳೂ ಕೂಗಾಡಿದಳು.

ನಮ್ಮ ಜಗಳ ಕಿಡಿಯಂತೆ ಹಾರಿತು. ಮೀನಿನವನು ಪ್ಲಾಸ್ಟಿಕ್ ಚಾಪೆಯನ್ನು ಕೆಳಗಿಟ್ಟು ಬಾತುಕೋಳಿಯವಳ ಮೇಲೆ ತಿರುಗಿದ. “ನನ್ನ ಬಾಯಿ ಬಿಡಿಸಬೇಡ. ತಾವರೆ ಮಡುವಿನಲ್ಲಿ ನನ್ನ ಬಲೆ ಎತ್ತಿ ಮರಿಮೀನು ಕದ್ದು ನಿನ್ನ ಬಾತಿಗೆ ಹಾಕೋದು ನೀನೇ.”

“ನಿನ್ನ ಬಲೆಗೆ ನನ್ನ ಎಂಟು ಬಾತು ಸಿಕ್ಕಿ ಸತ್ವು. ಅದನ್ನ ಹೇಳು ಮೊದ್ಲು.”

ಸೊಪ್ಪಿನವಳು ನಡುವೆ ಬಂದಳು. “ಇವರಿಬ್ರೂ ಸೇರಿ ನನ್ನ ಸೊಪ್ಪು ತುಳಿದು ಹಾಕಿದ್ರು. ವಾರಕ್ಕೆ ಮೂರು ಸಲ ಪೇಟೆಗೆ ಒಯ್ಯೋ ಸೊಪ್ಪು.”

ಏಡಿ ಹಿಡಿಯುವವನು, ಗೆಡ್ಡೆ ಅಗೆಯುವವಳು, ಮಡಕೆಗೆ ಜೇಡಿ ತೆಗೆಯುವ ಮುದುಕ. ಯಾರು ಯಾರದು ಕದ್ದರು, ಯಾವ ಮಡುವಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಬುಟ್ಟಿ. ನಲವತ್ತು ವರ್ಷದ ಕಳ್ಳತನ ಎಲ್ಲ ಹೊರಗೆ ಬಂತು. ಪೇಪರು ಕಾಲ ಕೆಳಗೆ ಹರಿದು ಉಂಡೆಯಾಯಿತು. ಟೈಲ್ಸಿನ ತುಂಬ ನಮ್ಮ ಕಾಲು. ಜವಾನ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

“ಮೇಡಂ, ಇದು ಬರೀ ಜಗಳ,” ಎಂದ ಮ್ಯಾನೇಜರು. “ಇದಕ್ಕೂ ವಿಷಯಕ್ಕೂ ಸಂಬಂಧ ಇಲ್ಲ.”

ಮೇಡಂ ಬಿಸಿನೀರಿನ ಲೋಟ ಕೆಳಗಿಟ್ಟರು. “ಏನೂ ಇಲ್ಲದ್ದಕ್ಕೆ ಯಾರ್ರೀ ಹೀಗೆ ಜಗಳ ಆಡ್ತಾರೆ?” ಗುಮಾಸ್ತನ ಕಡೆ ತಿರುಗಿದರು. “ಬರಿ.”

“ಯಾವುದನ್ನ ಮೇಡಂ?”

“ಎಲ್ಲಾ. ಬೈಗುಳ ಬಿಟ್ಟು ಎಲ್ಲಾ.”

ಸತ್ತ ಇಲಿ ಹಿಡಿದವನು ಸಂಜೆಯ ತನಕ ಬರೆದ. ಬೈಗುಳ ಬಿಟ್ಟರೂ ಹದಿನೇಳು ಹಾಳೆ.

ಹೊರಡುವಾಗ ಮೇಡಂ ಹೇಳಿದರು, ಮೇಲಕ್ಕೆ ಕಳಿಸುತ್ತೇನೆ, ಮತ್ತೆ ಸರ್ವೆ ಮಾಡಿಸುತ್ತೇನೆ, ಹದಿನೈದು ದಿನವಾದರೂ ಬೇಕು. ಲಾರಿ? ಅದನ್ನು ನಿಲ್ಲಿಸುವ ಅಧಿಕಾರ ತನಗಿಲ್ಲ ಎಂದರು. ಮ್ಯಾನೇಜರು ಆ ಮಾತನ್ನು ಕೇಳಿಸಿಕೊಂಡ. ಅವನು ನನ್ನ ಮಾತನ್ನೂ ಕೇಳಿಸಿಕೊಂಡಿದ್ದ. ಪಡುವಣ, ಮುಳ್ಳುಪೊದೆ, ಒಣಮರದ ಬುಡದಿಂದ ಎಡಕ್ಕೆ. ನಮ್ಮ ಅಜ್ಜಿಯರು ಬಾಯಿ ಮುಚ್ಚಿಕೊಂಡಿದ್ದು ಸುಮ್ಮನೆ ಅಲ್ಲ.

ಮರುದಿನ ಬೆಳಿಗ್ಗೆ ಲಾರಿಗಳು ರಸ್ತೆಯ ಕಡೆ ನಿಲ್ಲಲಿಲ್ಲ. ಸುತ್ತಿ ಬಳಸಿ ಪಡುವಣಕ್ಕೆ ಬಂದವು. ಮುಂದೆ ಒಂದು ಯಂತ್ರ, ಮುಳ್ಳುಪೊದೆಯನ್ನು ಬೇರುಸಹಿತ ಕೀಳುತ್ತಾ. ಒರತೆಯ ಬಾಯಿ ಮುಚ್ಚಿದರೆ ಹದಿನೈದು ದಿನದ ಮೇಲೆ ಸರ್ವೆಗೆ ಬಂದವರಿಗೆ ತೋರಿಸಲು ಏನೂ ಇರುವುದಿಲ್ಲ. ಆಗ ಅದು ನಿಜವಾಗಿಯೂ ನಿರುಪಯುಕ್ತ.

ಸದ್ದು ಕೇಳಿ ನಾನು ಕುಡುಗೋಲನ್ನೂ ತೆಗೆದುಕೊಳ್ಳದೆ ಓಡಿದೆ. ಓಡಿದೆ ಎಂದರೆ ನನ್ನ ವಯಸ್ಸಿನವಳು ಓಡುವಷ್ಟು. ಮೊದಲ ಲಾರಿ ಬೆನ್ನು ತಿರುಗಿಸಿ ನೀರಿನ ಅಂಚಿಗೆ ಬರುತ್ತಿತ್ತು. ಅದು ಸುರಿಯಬೇಕಾದ ಜಾಗದಲ್ಲಿ ಇಳಿದು ನಿಂತೆ. ಮೊಣಕಾಲವರೆಗೆ ಕೆಸರು. ಲಾರಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ.

“ಅಜ್ಜಿ, ಸರಿ ಆಚೆ.”

ನಾನು ಕಾಲನ್ನು ಕೆಸರಿಗೆ ಇನ್ನಷ್ಟು ಒತ್ತಿದೆ.

ಹಿಂದೆ ಪಚಕ್ ಪಚಕ್ ಎಂದು ಹೆಜ್ಜೆ ಕೇಳಿತು. ರೇಷ್ಮೆ. ಬಂದವಳು ನನ್ನ ಪಕ್ಕ ನಿಲ್ಲಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ ನಿಂತಳು.

“ಹಿಂದೆ ಬಾ,” ಎಂದೆ.

“ಯಾಕೆ ಬರ್ಲಿ? ನೀನು ಮುಂದೆ ನಿಂತು ಉಳಿಸಿದ್ರೆ ನಾಳೆ ಜಾಗ ನಿಂದು ಅಂತ ಆಗುತ್ತೆ.”

ನಾನು ಎರಡು ಹೆಜ್ಜೆ ಮುಂದಿಟ್ಟೆ. ಅವಳು ಇನ್ನೊಂದು ಹಾಕಿದಳು. ಹೀಗೆ ಹೋಗಿ ಹೋಗಿ ಇಬ್ಬರೂ ಲಾರಿಯ ಹಿಂದಿನ ಹಲಗೆಗೆ ಎದೆ ತಾಗಿಸಿ ನಿಂತೆವು. ಮೇಲೆ ಸಿಮೆಂಟಿನ ಹೆಂಟೆಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದವು.

ಡ್ರೈವರ್ ಇಳಿದು ಬಂದ. “ಇಬ್ರೂ ಸಾಯ್ತೀರಿ. ಸರೀರಿ.”

“ಮೊದ್ಲು ಅವಳಿಗೆ ಹೇಳು,” ಎಂದೆ.

“ಅಕ್ಕ ಸರಿದ್ರೆ ನಾನು ಸರೀತೀನಿ,” ಎಂದಳು.

ಅಷ್ಟು ಹೊತ್ತಿಗೆ ಸಾಲಿನವರು ಬಂದರು. ಮೀನಿನವನು ಇಳಿದ, ಬಾತುಕೋಳಿಯವಳು ತನಗಿಂತ ಮುಂದೆ ಹೋಗದಂತೆ ಕಣ್ಣಿಟ್ಟುಕೊಂಡು. ಅವಳೂ ಇಳಿದಳು, ಅವನಿಗಿಂತ ಹಿಂದೆ ಬೀಳದಂತೆ. ಸೊಪ್ಪಿನವಳು, ಏಡಿಯವನು, ಜೇಡಿ ಮುದುಕ. ಪಕ್ಕದವರಿಗೆ ಒಂದು ಗೇಣೂ ಬಿಟ್ಟುಕೊಡದೆ ಒತ್ತಿಕೊಂಡು ನಿಂತರು. ದೂರದಿಂದ ನೋಡಿದವರಿಗೆ ಒಗ್ಗಟ್ಟು ಎಂದು ಕಂಡಿರಬಹುದು.

ಹೊತ್ತು ನೆತ್ತಿಗೆ ಬಂತು. ನನ್ನ ಕಾಲು ಮರಗಟ್ಟಿತ್ತು. ಮೀನಖಂಡಕ್ಕೆ ಜಿಗಣೆ ಹತ್ತಿದ್ದು ಗೊತ್ತಾಯಿತು. ಬಗ್ಗಿ ಕೀಳೋಣ ಎಂದರೆ ಒಂದು ಹೆಜ್ಜೆ ಹಿಂದೆ ಇಡಬೇಕು. ಓರೆಗಣ್ಣಿನಿಂದ ನೋಡಿದೆ. ಅವಳ ಮೊಣಕಾಲಿಗೂ ಒಂದು ಜಿಗಣೆ ಹತ್ತಿತ್ತು. ಅವಳು ನನ್ನ ಮೊಣಕಾಲನ್ನೇ ನೋಡುತ್ತಿದ್ದಳು.

ಹಿಂದೆ ಸರಿದವಳಿಗೆ ಜಾಗವಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಡ್ರೈವರಿಗೆ ಗೊತ್ತಿರಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಎಂಜಿನ್ ಆರಿಸಿದ.